ಮುಂಬಯಿ ಚಳಿಯಲ್ಲಿ ಜೊತೆಯಾಗಿ ಉಂಡ ಊಟ

ಮುಂಬಯಿಯಲ್ಲಿ ಎಲ್ಲಿಯ ಚಳಿ ಎಂದು ಊರಿನವರು ನಗುತ್ತಾರೆ. ಅವರ ನಗುವಿನಲ್ಲಿ ತಪ್ಪೇನೂ ಇಲ್ಲ. ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ 1962ರ ಜನವರಿ 22ರಂದು 7.4 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು ಎಂದು ಹಿರಿಯರು ಇಂದಿಗೂ ದೊಡ್ಡ ಸುದ್ದಿಯಂತೆ ಹೇಳುತ್ತಾರೆ. ನಮಗೆಲ್ಲ ಚಳಿಗಾಲವೆಂದರೆ ರಾತ್ರಿ ಫ್ಯಾನ್ ಆರಿಸಿ ಮಲಗುವ ಕೆಲವು ವಾರಗಳು, ಅಷ್ಟೇ. ಆದರೂ ಡೊಂಬಿವಲಿ, ಕಲ್ಯಾಣ್, ಬದ್ಲಾಪುರ ಕಡೆ ಇರುವವರಿಗೆ ಬೆಳಗಿನ ಲೋಕಲ್‌ನ ಬಾಗಿಲಲ್ಲಿ ನಿಂತಾಗ ಕಿವಿಗೆ ಮಫ್ಲರ್ ಬೇಕೆನಿಸುತ್ತದೆ. ಮಾರುಕಟ್ಟೆಯಲ್ಲಿ ಕೆಂಪು ಗಜ್ಜರಿ, ಹಸಿ ಬಟಾಣಿ, ಹಸಿ ಕಡಲೆ, ಪಾಪ್ಡಿ ಅವರೆ, ಹಸಿ ಬೆಳ್ಳುಳ್ಳಿಯ ರಾಶಿ ಕಂಡರೆ ಬಾಯಲ್ಲಿ ನೀರೂರುತ್ತದೆ.

ಈ ದಿನಗಳು ನಮ್ಮ ಸಂಘ-ಸಂಸ್ಥೆಗಳಿಗೂ ಸುಗ್ಗಿಯ ಕಾಲ. ನವೆಂಬರ್ ರಾಜ್ಯೋತ್ಸವದಿಂದ ಹಿಡಿದು ಫೆಬ್ರವರಿಯವರೆಗೆ ವಾರ್ಷಿಕೋತ್ಸವ, ಕ್ರೀಡಾಕೂಟ, ಅರಸಿನ ಕುಂಕುಮ, ಯಕ್ಷಗಾನ, ತಾಳಮದ್ದಳೆ. ಎಲ್ಲದರ ಕೊನೆಗೂ ಒಂದು ಊಟ. ಇಂತಹ ಊಟಗಳಲ್ಲಿ ಮೂವತ್ತು ವರ್ಷದಿಂದ ಬಡಿಸಿದವನು ನಾನು. ಆದರೆ ಇಂದು ಬರೆಯಹೊರಟಿರುವುದು ಅದಕ್ಕಿಂತ ಸಣ್ಣ ಊಟದ ಬಗ್ಗೆ. ಗಂಡ ಹೆಂಡತಿ ಇಬ್ಬರೇ ಎದುರೆದುರು ಕುಳಿತು ಉಣ್ಣುವ ಊಟ. ಈ ಮಹಾನಗರದಲ್ಲಿ ಹಣ ಸಿಗುತ್ತದೆ, ಕೆಲಸ ಸಿಗುತ್ತದೆ, ಕಷ್ಟಪಟ್ಟರೆ ಮನೆಯೂ ಸಿಗುತ್ತದೆ. ಇಬ್ಬರೂ ಒಟ್ಟಿಗೆ ಉಣ್ಣುವ ಅರ್ಧ ಗಂಟೆ ಮಾತ್ರ ಸುಲಭದಲ್ಲಿ ಸಿಗುವುದಿಲ್ಲ.

ಕೊನೆಗೆ ಉಂಡವರಿಬ್ಬರು

ನಾನು ಕುಂದಾಪುರ ಕಡೆಯವ. 1986ರಲ್ಲಿ ಹದಿನೇಳರ ಹುಡುಗನಾಗಿ ಬಂದು ಫೋರ್ಟ್ ಪರಿಸರದ ಒಂದು ಉಡುಪಿ ಹೋಟೆಲಿನಲ್ಲಿ ಟೇಬಲ್ ಒರೆಸುವುದರಿಂದ ಶುರು ಮಾಡಿದೆ. ಹಗಲು ಹೋಟೆಲು, ಸಂಜೆ ಕಾಲೇಜು. ಬಿ.ಕಾಂ. ಮುಗಿಸಿ 1993ರಲ್ಲಿ ಬ್ಯಾಂಕಿನ ಗುಮಾಸ್ತನಾದೆ. ನಮ್ಮಲ್ಲಿ ಎಷ್ಟೋ ಮಂದಿಯ ಕಥೆ ಇದೇ ಆಗಿರುವುದರಿಂದ ಹೆಚ್ಚು ಬೆಳೆಸುವುದಿಲ್ಲ. ಒಂದು ಮಾತು ಮಾತ್ರ ಹೇಳಬೇಕು. ಹೋಟೆಲಿನ ಹುಡುಗರಿಗೆ ಊಟ ಗಿರಾಕಿಗಳೆಲ್ಲ ಎದ್ದ ಮೇಲೆ. ಮಧ್ಯಾಹ್ನ ಮೂರೂವರೆಗೆ, ಹಿಂದಿನ ಬಾಗಿಲ ಬಳಿ, ನಿಂತುಕೊಂಡು, ಪಾತ್ರೆಯ ತಳದಲ್ಲಿ ಉಳಿದದ್ದು. ಹಸಿವಿನ ಹೊತ್ತು ದಾಟಿದ ಮೇಲಿನ ಆ ಊಟದ ರುಚಿ ಹೇಗಿರುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

1997ರ ಮೇ ತಿಂಗಳಲ್ಲಿ ಮದುವೆಯಾಯಿತು. ಆಕೆಯ ತಂದೆ ನಮ್ಮ ಕಡೆಯವರೇ ಆದರೂ ಹೋಟೆಲು ಇಟ್ಟದ್ದು ಬಿಜಾಪುರದಲ್ಲಿ. (2014ರಿಂದ ಅದು ವಿಜಯಪುರ.) ಹುಟ್ಟಿ ಬೆಳೆದದ್ದು ಅಲ್ಲೇ ಆದ್ದರಿಂದ ಅವಳ ಮಾತು, ಕೈರುಚಿ ಎರಡೂ ಬಯಲುಸೀಮೆಯದು. ನನಗೆ ಕುಚ್ಚಲಕ್ಕಿ ಗಂಜಿ, ಅವಳಿಗೆ ಜೋಳದ ರೊಟ್ಟಿ. ಡೊಂಬಿವಲಿಯ ಒಂದು ಖೋಲಿ, ಒಂದು ಅಡುಗೆಮನೆಯಲ್ಲಿ ಎರಡು ಕರ್ನಾಟಕಗಳು ಸೇರಿಕೊಂಡವು.

ಆ ವರ್ಷದ ಡಿಸೆಂಬರ್‌ನಲ್ಲಿ, ಮೆಗಾ ಬ್ಲಾಕ್ ಇಲ್ಲದ ಒಂದು ಭಾನುವಾರ ನೋಡಿ ಅವಳನ್ನು ಮಾಟುಂಗಕ್ಕೆ ಕರೆದುಕೊಂಡು ಹೋದೆ. ಸ್ಟೇಷನ್ ಎದುರಿನ ಮಾರುಕಟ್ಟೆ ಕಟ್ಟಡದ ಮಹಡಿಯ ಮೇಲೆ ಎ. ರಾಮ ನಾಯಕರು 1942ರಲ್ಲಿ ಆರಂಭಿಸಿದ ಉಡುಪಿ ಶ್ರೀ ಕೃಷ್ಣ ಬೋರ್ಡಿಂಗ್ ಮುಂಬಯಿ ಕನ್ನಡಿಗರಿಗೆ ಹೊಸದಾಗಿ ಪರಿಚಯಿಸಬೇಕಾದ್ದಲ್ಲ. ಸಾಲಿನಲ್ಲಿ ನಿಂತು, ಸರದಿ ಬಂದಾಗ ಬಾಳೆಲೆಯ ಮುಂದೆ ಕುಳಿತೆವು. ಬಿಸಿ ಅನ್ನ, ಸಾರು ಬಂತು. ಅವಳು ಕೈ ಹಾಕಲಿಲ್ಲ. ಹುಷಾರಿಲ್ಲವೇನೋ ಎಂದು ಗಾಬರಿಯಾಗಿ, "ಎಂತ ಆಯ್ತು ಮಾರಾಯ್ತಿ?" ಎಂದು ಕೇಳಿದೆ.

"ಏನಿಲ್ರಿ. ನಮ್ಮಪ್ಪಂದ ಹೋಟೆಲ್ ಇದ್ರೂ ನಾವು ಹೆಣ್ಮಕ್ಕಳು ಒಂದ್ ದಿನಾನೂ ಹೋಟೆಲ್‌ನ್ಯಾಗ ಕುಂತು ಉಂಡಿಲ್ಲ. ಅವ್ವಾ, ನಾವು ಎಲ್ಲಾ ಹಿಂದ ಅಡಗಿ ಮನ್ಯಾಗ. ಬಿಸಿ ಇದ್ದಾಗ ಯಾರರ ಬಡಿಸಿದ್ದು ಇದ ಮೊದಲ," ಎಂದಳು.

ಆ ದಿನ ಅವಳು ಸಾರು ಅನ್ನವನ್ನೇ ಎರಡು ಸಲ ಹಾಕಿಸಿಕೊಂಡಳು. ಪಾಯಸ ಮುಗಿಸಿ, ಕೆಳಗೆ ಇಳಿದು, ಹೂವಿನ ಅಂಗಡಿಯಲ್ಲಿ ಒಂದು ಮೊಳ ಮಲ್ಲಿಗೆ ಕೊಂಡು ಸಂಜೆಯ ನಿಧಾನದ ಲೋಕಲ್ ಹಿಡಿದೆವು. ಪ್ರತಿ ಚಳಿಗಾಲ ಒಮ್ಮೆಯಾದರೂ ಹೀಗೆ ಬರೋಣ ಎಂದು ನಾನೇ ಮಾತು ಕೊಟ್ಟೆ.

ಭೋಗಿಯ ರೊಟ್ಟಿ, ಊಂಧಿಯುವಿನ ಡಬ್ಬಿ

ಕೊಟ್ಟ ಮಾತು ಕೆಲವು ವರ್ಷ ನಡೆಯಿತು. 1999ರಲ್ಲಿ ಮಗಳು ಹುಟ್ಟಿದಳು. ಆಮೇಲೆ ಎಲ್ಲರ ಮನೆಯಲ್ಲಿ ಆಗುವುದೇ ನಮ್ಮಲ್ಲೂ ಆಯಿತು. ಬೆಳಿಗ್ಗೆ ಏಳೂಕಾಲಕ್ಕೆ ನಾನು ಡಬ್ಬಿ ಹಿಡಿದು ಹೊರಟರೆ ಮರಳುವುದು ರಾತ್ರಿ ಎಂಟಕ್ಕೆ. ಮಧ್ಯಾಹ್ನ ಒಂದು ಗಂಟೆಗೆ ಅದೇ ಪಲ್ಯ, ಅದೇ ಚಪಾತಿ ಇಬ್ಬರೂ ಉಣ್ಣುತ್ತಿದ್ದೆವು. ನಾನು ಕಾಳಬಾದೇವಿಯಲ್ಲಿ, ಅವಳು ಡೊಂಬಿವಲಿಯಲ್ಲಿ. ರಾತ್ರಿ ನನಗೂ ಮಗಳಿಗೂ ಬಡಿಸಿ, ನಾವು ಎದ್ದ ಮೇಲೆ ಅವಳ ಊಟ. ಹೋಟೆಲಿನ ಹಿಂಬಾಗಿಲಲ್ಲಿ ಕೊನೆಗೆ ಉಂಡ ನೆನಪಿದ್ದ ನಾನು ಇದನ್ನು ಗಮನಿಸಬೇಕಿತ್ತು. ಗಮನಿಸಲಿಲ್ಲ.

ಆಗ ನಮ್ಮ ಶಾಖೆಗೆ ಬರುವವರಲ್ಲಿ ಹೆಚ್ಚಿನವರು ಗುಜರಾತಿ ವ್ಯಾಪಾರಿಗಳು. ಉತ್ತರಾಯಣ ಹತ್ತಿರವಾದಂತೆ ಭುಲೇಶ್ವರದ ಗಲ್ಲಿಗಳಲ್ಲಿ ಊಂಧಿಯುವಿನ ಪರಿಮಳ. ಸೂರತ್ ಕಡೆಯ ಈ ಪದಾರ್ಥದಲ್ಲಿ ಪಾಪ್ಡಿ ಅವರೆ, ನೇರಳೆ ಬಣ್ಣದ ಗೆಣಸು, ಸಿಹಿಗೆಣಸು, ಪುಟ್ಟ ಬದನೆ, ಬಾಳೆಕಾಯಿ, ಮೆಂತ್ಯ ಸೊಪ್ಪಿನ ಮುಠಿಯಾ ಎಲ್ಲ ಇರುತ್ತವೆ. ಕೊತ್ತಂಬರಿ, ತೆಂಗಿನತುರಿ, ಹಸಿ ಬೆಳ್ಳುಳ್ಳಿಯ ಮಸಾಲೆ. 'ಊಂಧು' ಎಂದರೆ ಗುಜರಾತಿಯಲ್ಲಿ ಬೋರಲು. ಮಣ್ಣಿನ ಮಡಕೆಯಲ್ಲಿ ತರಕಾರಿ ತುಂಬಿ, ಬಾಯಿ ಮುಚ್ಚಿ, ನೆಲದ ಗುಂಡಿಯಲ್ಲಿ ಬೋರಲು ಹಾಕಿ ಮೇಲೆ ಬೆಂಕಿ ಮಾಡಿ ಬೇಯಿಸುತ್ತಿದ್ದರಂತೆ. ಅದರಿಂದ ಆ ಹೆಸರು. ಆ ಪಾಪ್ಡಿ ನಮ್ಮ ಅವರೆಯ ಬಳಗದ್ದೇ. ಬೆಂಗಳೂರು, ಮೈಸೂರು ಕಡೆಯವರು ಚಳಿಗಾಲದಲ್ಲಿ ಹಿತಕಿದ ಅವರೆಬೇಳೆಗೆ ಕಾಯುವಂತೆ ಸೂರತ್‌ನವರು ಪಾಪ್ಡಿಗೆ ಕಾಯುತ್ತಾರೆ.

2003ರ ಜನವರಿ 13, ಭೋಗಿ. ಮಹಾರಾಷ್ಟ್ರದಲ್ಲೂ ಉತ್ತರ ಕರ್ನಾಟಕದಲ್ಲೂ ಅಂದು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಾಯಿಪಲ್ಯೆ, ಬೆಣ್ಣೆಯ ಊಟ. "ಇವತ್ತು ಲಗೂ ಬರ್ರಿ" ಎಂದು ಬೆಳಿಗ್ಗೆಯೇ ಹೇಳಿ ಕಳಿಸಿದ್ದಳು. ಸಂಜೆ ಸಹೋದ್ಯೋಗಿಗಳು ಊಂಧಿಯು, ಪೂರಿ ತರಿಸಿದರು. ನಾನೂ ಕುಳಿತೆ. ಹೊಟ್ಟೆ ತುಂಬ ತಿಂದು, ಸಾಲದ್ದಕ್ಕೆ ಒಂದು ಡಬ್ಬಿ ಕಟ್ಟಿಸಿಕೊಂಡು, ಒಂಬತ್ತೂವರೆಗೆ ಮನೆ ಮುಟ್ಟಿದೆ. ಮಗಳು ಮಲಗಿದ್ದಳು. ಒಲೆಯ ಪಕ್ಕ ಬಟ್ಟೆ ಮುಚ್ಚಿಟ್ಟ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಬೆಣ್ಣೆ. ಎರಡು ತಾಟು.

"ನಂದು ಊಟ ಆಯ್ತು," ಎಂದೆ.

ಅವಳು ಜಗಳವಾಡಲಿಲ್ಲ. "ಪಕ್ಕದ ಮನಿಗೆ ಒಂದ್ ಫೋನ್ ಮಾಡಿ ಹೇಳಿದ್ರ ಆಗ್ತಿರಲಿಲ್ಲೇನ್ರಿ?" ಎಂದಷ್ಟೇ ಕೇಳಿ, ತಾಟು ಎತ್ತಿಟ್ಟು ಮಲಗಿಬಿಟ್ಟಳು. ನಾನು ಕಟ್ಟಿಸಿಕೊಂಡು ತಂದ ಊಂಧಿಯುವನ್ನು ಮರುದಿನ ಯಾರೂ ಮುಟ್ಟಲಿಲ್ಲ. ಸಂಕ್ರಾಂತಿಯ ಎಳ್ಳು ಬೆಲ್ಲ ಕೊಡುವಾಗ ಅವಳು ಒಳ್ಳೆಯ ಮಾತನ್ನೇ ಆಡಿದಳು. ನನಗೆ ಮಾತ್ರ ಆ ಎರಡು ತಾಟು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಬಡಿಸುವವರೇ ಇಲ್ಲದ ಊಟ

2009ರ ಜನವರಿಯಲ್ಲಿ ಅವಳ ತವರಿಗೆ ಹೋಗಿದ್ದಾಗ ಭಾವನವರು ತಮ್ಮ ಗೆಳೆಯರ ಹೊಲಕ್ಕೆ ಸೀತನಿ ತಿನ್ನಲು ಕರೆದೊಯ್ದರು. ಸೀತನಿ ಎಂದರೆ ಹಾಲುಗಾಳು ತುಂಬಿದ ಎಳೆ ಜೋಳದ ತೆನೆ. ಮಹಾರಾಷ್ಟ್ರದವರು ಇದನ್ನೇ ಹುರ್ಡಾ ಎನ್ನುತ್ತಾರೆ, ಗುಜರಾತಿಗಳು ಪೊಂಕ್ ಎನ್ನುತ್ತಾರೆ. ನೆಲದಲ್ಲಿ ಗುಂಡಿ ತೋಡಿ, ಕುಳ್ಳು ಉರಿಸಿ, ಕೆಂಡವಾದ ಮೇಲೆ ತೆನೆ ಇಟ್ಟು ಸುಡುತ್ತಾರೆ. ಬಿಸಿ ಇದ್ದಾಗಲೇ ಅಂಗೈಯಲ್ಲಿ ಹಾಕಿ ತಿಕ್ಕಿ, ಹೊಟ್ಟು ಊದಿ ಬಾಯಿಗೆ ಹಾಕಿಕೊಂಡರೆ ಹಾಲಿನ ಸಿಹಿ. ಜೊತೆಗೆ ಶೇಂಗಾ ಹಿಂಡಿ, ಅಗಸಿ ಹಿಂಡಿ, ಬೆಲ್ಲ, ಗಟ್ಟಿ ಮೊಸರು.

ಅಲ್ಲಿ ಅಡುಗೆಮನೆಯಿಲ್ಲ, ಪಂಕ್ತಿಯಿಲ್ಲ. ಗುಂಡಿಯ ಸುತ್ತ ಗಂಡಸರು, ಹೆಂಗಸರು, ಮಕ್ಕಳು ಎಲ್ಲ ಒಟ್ಟಿಗೆ. ಸುಟ್ಟವರು ಪಕ್ಕದವರ ಕೈಗೆ ಹಾಕುತ್ತಾರೆ, ಪಕ್ಕದವರು ಅವರ ಪಕ್ಕದವರಿಗೆ. ನನ್ನವಳು ನನ್ನ ಕೈಗೆ ಕಾಳು ಹಾಕಿದಳು, ನಾನು ತಿಕ್ಕಲು ಹೋಗಿ ಅಂಗೈ ಸುಟ್ಟುಕೊಂಡೆ. "ಕರಾವಳಿ ಮಂದಿಗೆ ಇದು ಬರೂದಿಲ್ಲ," ಎಂದು ಎಲ್ಲರೂ ನಕ್ಕರು. ಅವಳು ನಗುತ್ತಾ, ಮಾತಾಡುತ್ತಾ, ಯಾರ ತಾಟಿನ ಮೇಲೂ ಕಣ್ಣಿಡದೆ ತಿಂದಳು. ಎಷ್ಟೋ ವರ್ಷಗಳ ಮೇಲೆ ಹಾಗೆ ಕಂಡಿದ್ದೆ. ಹಿಂತಿರುಗುವ ರೈಲಿನಲ್ಲಿ ಇದರ ಬಗ್ಗೆ ಯೋಚಿಸಿದೆ. ಮುಂಬಯಿ ಮುಟ್ಟಿದ ಮೇಲೆ ಮತ್ತೆ ಏಳೂಕಾಲರ ಲೋಕಲ್.

ಐವತ್ತು ದಿನಗಳು

2016ರ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿ ನೋಟುಗಳು ರದ್ದಾದವು. ಮುಂದಿನ ದಿನಗಳು ಹೇಗಿದ್ದವು ಎಂಬುದು ಬ್ಯಾಂಕಿನವರ ಮನೆಯವರಿಗೆ ಗೊತ್ತು. 9ರಂದು ಬ್ಯಾಂಕು ಮುಚ್ಚಿ, 10ರಂದು ತೆರೆದಾಗ ಸಾಲು ಬೀದಿಯ ತಿರುವಿನವರೆಗೆ ಇತ್ತು. 12, 13ರ ಶನಿವಾರ ಭಾನುವಾರವೂ ಕೆಲಸ. ಹಳೆ ನೋಟು ಎಣಿಸಿ, ಲೆಕ್ಕ ಕೂಡಿಸಿ, ತಾಳೆ ನೋಡಿ ಹೊರಡುವಾಗ ರಾತ್ರಿ ಹತ್ತು. ಮನೆಗೆ ಹನ್ನೊಂದೂವರೆ. ಮಧ್ಯಾಹ್ನದ ಡಬ್ಬಿ ತೆರೆಯದೆ ಹಾಗೆಯೇ ವಾಪಸು ತಂದ ದಿನಗಳೂ ಇದ್ದವು.

ಅವಳಿಗೆ ಅದಕ್ಕೆ ಎರಡು ವರ್ಷ ಮೊದಲೇ ಸಕ್ಕರೆ ಕಾಯಿಲೆ ಶುರುವಾಗಿತ್ತು. ರಾತ್ರಿ ಊಟಕ್ಕೆ ಮೊದಲು ಒಂದು ಮಾತ್ರೆ. ಮಾತ್ರೆಯನ್ನು ಎಂದಿನಂತೆ ಎಂಟು ಗಂಟೆಗೇ ನುಂಗುತ್ತಿದ್ದಳು, ಊಟಕ್ಕೆ ಮಾತ್ರ ನನಗಾಗಿ ಕಾಯುತ್ತಿದ್ದಳು. ನನಗೆ ಇದು ಗೊತ್ತಿರಲಿಲ್ಲ. ಕೇಳಿರಲಿಲ್ಲ ಎಂದರೆ ಹೆಚ್ಚು ಸರಿ.

ನವೆಂಬರ್ ಕೊನೆಯ ವಾರದ ಒಂದು ರಾತ್ರಿ, ರೈಲು ಠಾಣೆ ದಾಟುತ್ತಿದ್ದಾಗ ಮಗಳ ಫೋನ್. "ಪಪ್ಪಾ, ಅಮ್ಮ ಬಿದ್ದಿದ್ದಾಳೆ. ಮೈಯೆಲ್ಲ ಬೆವರು, ಏನೇನೋ ಮಾತಾಡ್ತಿದ್ದಾಳೆ." ಆ ಇಪ್ಪತ್ತೈದು ನಿಮಿಷದ ಪ್ರಯಾಣ ನನ್ನ ಶತ್ರುವಿಗೂ ಬೇಡ. ಮನೆ ಮುಟ್ಟುವಷ್ಟರಲ್ಲಿ ಪಕ್ಕದ ಮನೆಯ ಮರಾಠಿ ವಹಿನಿ ಸಕ್ಕರೆ ನೀರು ಕುಡಿಸಿ, ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಅವಳಿಗೆ ಎಚ್ಚರವಿತ್ತು. ಒಲೆಯ ಪಕ್ಕ ಎರಡು ತಾಟು ಹಾಗೆಯೇ ಇದ್ದವು.

ಮರುದಿನ ಬೆಳಿಗ್ಗೆ ಡಾಕ್ಟರು ಅವಳಿಗಿಂತ ಹೆಚ್ಚು ನನಗೇ ಹೇಳಿದರು. ಸಕ್ಕರೆ ಇಳಿಸುವ ಕೆಲವು ಮಾತ್ರೆಗಳನ್ನು ನುಂಗಿ ಊಟ ತಪ್ಪಿಸಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಕೈ ನಡುಕ, ಬೆವರು, ತಲೆಸುತ್ತು, ಮಾತು ತೊದಲುವುದು, ಕೊನೆಗೆ ಪ್ರಜ್ಞೆ ತಪ್ಪುವುದು. ಎಚ್ಚರ ಇರುವಾಗಲೇ ಸಕ್ಕರೆ ಅಥವಾ ಗ್ಲೂಕೋಸ್ ಕೊಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. "ಮಾತ್ರೆ ತೆಗೆದುಕೊಂಡವರು ಯಾರಿಗೂ ಕಾಯಬಾರದು, ದೇವರಿಗೂ," ಎಂದರು.

ಮನೆಗೆ ಬಂದು, "ಯಾಕೆ ಕಾಯ್ತಿದ್ದೆ ಮಾರಾಯ್ತಿ, ಉಂಡು ಮಲಗಬಾರದಿತ್ತಾ?" ಎಂದು ಸಿಟ್ಟಿನಿಂದಲೇ ಕೇಳಿದೆ.

"ನೀವು ಹಗಲೆಲ್ಲಾ ಡಬ್ಬಿ ಸುದ್ದಾ ತೆಗೀದ ದುಡೀತೀರಿ. ನಾ ಒಬ್ಬಾಕಿ ಉಂಡ್ರ ಗಂಟಲದಾಗ ಹೆಂಗ ಇಳೀತದ್ರಿ?" ಎಂದಳು.

ಉತ್ತರ ಹೊಳೆಯಲಿಲ್ಲ. ಹತ್ತೊಂಬತ್ತು ವರ್ಷಗಳಲ್ಲಿ ಎಷ್ಟು ರಾತ್ರಿ ಹೀಗೆ ಕಾದಿರಬಹುದು ಎಂದು ಲೆಕ್ಕ ಹಾಕಲು ಹೊರಟೆ. ಲೆಕ್ಕದವನಿಗೂ ಆ ಲೆಕ್ಕ ಸಿಗಲಿಲ್ಲ.

ಜನವರಿ 1ರ ಬಾಳೆಲೆ

ಡಿಸೆಂಬರ್ 30ಕ್ಕೆ ಹಳೆ ನೋಟು ಜಮಾ ಮಾಡುವ ಅವಧಿ ಮುಗಿಯಿತು. ಹೊಸ ವರ್ಷ 2017ರ ಮೊದಲ ದಿನ ಭಾನುವಾರ. ಬೆಳಿಗ್ಗೆ, "ಇವತ್ತು ಒಲೆ ಹಚ್ಚಬೇಡ," ಎಂದೆ. ಮಗಳು ಗೆಳತಿಯರ ಜೊತೆ ಹೋಗಿದ್ದಳು. ನಾವಿಬ್ಬರೇ ಮಾಟುಂಗಕ್ಕೆ ಹೊರಟೆವು. ಅದೇ ಮಹಡಿ, ಅದೇ ಸಾಲು. ಈ ಸಲ ಅವಳ ಕೈಚೀಲದಲ್ಲಿ ಮಾತ್ರೆಯ ಡಬ್ಬಿ, ಎರಡು ಗ್ಲೂಕೋಸ್ ಬಿಸ್ಕಿಟ್ ಪೊಟ್ಟಣ. ಊಟದ ಹೊತ್ತಿಗೆ ಸರಿಯಾಗಿ ನಮ್ಮ ಸರದಿ ಬಂತು.

ಅನ್ನ ಅರ್ಧ ಹಾಕಿಸಿಕೊಂಡಳು. ಪಲ್ಯ, ಸಾರು, ಮಜ್ಜಿಗೆ ಸಾಕಷ್ಟು. ಪಾಯಸ ಬಂದಾಗ ಬೇಡವೆಂದು ಕೈ ಅಡ್ಡ ಹಿಡಿದಳು. ನಾನೂ ಬೇಡವೆಂದೆ. "ನೀವ್ಯಾಕ ಬಿಡ್ತೀರಿ?" ಎಂದಳು. "ಜೊತೆಗೆ," ಎಂದೆ. ಅವಳು ನಕ್ಕು, ಬಡಿಸುವ ಹುಡುಗನನ್ನು ಕರೆದು, ನನ್ನ ಎಲೆಗೆ ಪಾಯಸ ಹಾಕಿಸಿ, ಅದರಿಂದ ಒಂದೇ ಒಂದು ಚಮಚ ತಾನು ತೆಗೆದುಕೊಂಡಳು. ಅಂದಿನಷ್ಟು ರುಚಿಯಾದ ಪಾಯಸ ನಾನು ಉಂಡಿಲ್ಲ.

ಆ ದಿನ ನಾವು ಎರಡು ನಿಯಮ ಮಾಡಿಕೊಂಡೆವು. ರಾತ್ರಿ ಎಂಟೂವರೆಗೆ ನಾನು ಇರಲಿ ಇಲ್ಲದಿರಲಿ ಅವಳು ಉಣ್ಣಬೇಕು, ಉಂಡ ಮೇಲೆ ನನಗೆ ಫೋನ್ ಮಾಡಬೇಕು. ಭಾನುವಾರ ಇಬ್ಬರೂ ಒಟ್ಟಿಗೆ ಕುಳಿತು ಉಣ್ಣಬೇಕು, ಬಡಿಸುವ ಕೆಲಸ ನನ್ನದು.

ಎರಡನೆಯ ನಿಯಮಕ್ಕೆ ಬಲ ಬಂದದ್ದು 2020ರ ಚಳಿಗಾಲದಲ್ಲಿ. ಕೊರೊನಾದಿಂದಾಗಿ ಹೊರಗಿನ ಊಟವಿಲ್ಲ, ಸಂಘದ ಕಾರ್ಯಕ್ರಮವಿಲ್ಲ. ಶಾಖೆಯಲ್ಲಿ ಸರದಿಯ ಕೆಲಸವಾದ್ದರಿಂದ ವಾರದಲ್ಲಿ ಕೆಲವು ದಿನ ಮನೆಯಲ್ಲೇ. ಆಗ ರೊಟ್ಟಿ ಬಡಿಯಲು ಕಲಿತೆ. ಜೋಳದ ಹಿಟ್ಟಿಗೆ ಕುದಿಯುವ ನೀರು ಹಾಕಿ, ಕಲಸಿ, ಚೆನ್ನಾಗಿ ನಾದದಿದ್ದರೆ ಅಂಚು ಒಡೆಯುತ್ತದೆ. ತೆಳ್ಳಗೆ ಬಡಿದು ತವೆಗೆ ಹಾಕಿ, ಮೇಲೆ ನೀರು ಸವರಿ ತಿರುವಬೇಕು. ಮೊದಲ ತಿಂಗಳು ನನ್ನ ರೊಟ್ಟಿಗಳು ಭಾರತದ ಭೂಪಟದ ಬೇರೆ ಬೇರೆ ರಾಜ್ಯಗಳಂತಿದ್ದವು. ಅವಳು ಒಂದನ್ನೂ ಬಿಸಾಡಲಿಲ್ಲ. "ಇದು ಗುಜರಾತ, ಇದು ರಾಜಸ್ಥಾನ," ಎನ್ನುತ್ತಾ ತಿಂದಳು. ಒಲೆಯಿಂದ ನೇರ ಅವಳ ತಾಟಿಗೆ ಬಿಸಿ ರೊಟ್ಟಿ ಹಾಕುವಾಗ, ನನಗೆ ಹದಿನೇಳರ ವಯಸ್ಸಿನ ಆ ಹಿಂಬಾಗಿಲ ಊಟ ನೆನಪಾಗುತ್ತಿತ್ತು.

ಸಂಘದ ಬಂಧುಗಳಲ್ಲಿ ಒಂದು ವಿನಂತಿ

2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಘೋಷಿಸಿದ ಮೇಲೆ ಸಜ್ಜೆ ರೊಟ್ಟಿಗೂ ಜೋಳದ ರೊಟ್ಟಿಗೂ ದೊಡ್ಡ ಹೋಟೆಲುಗಳಲ್ಲಿ ಮರ್ಯಾದೆ ಬಂದಿದೆ. ಸಂತೋಷ. ರೊಟ್ಟಿ ಬಡಿಯುವ ಕೈಗೂ ಸ್ವಲ್ಪ ಮರ್ಯಾದೆ ಬಂದರೆ ಇನ್ನೂ ಸಂತೋಷ.

ನಮ್ಮ ಸಂಘಗಳ ಕಾರ್ಯಕ್ರಮಗಳಲ್ಲಿ ಮಹಿಳಾ ವಿಭಾಗದವರು ಬೆಳಿಗ್ಗೆ ಆರಕ್ಕೆ ಬಂದು ರಂಗೋಲಿ ಹಾಕುತ್ತಾರೆ, ಅತಿಥಿಗಳನ್ನು ಸ್ವಾಗತಿಸುತ್ತಾರೆ, ಊಟ ಬಡಿಸುತ್ತಾರೆ. ಕೊನೆಯ ಪಂಕ್ತಿಯಲ್ಲಿ ಕುಳಿತಾಗ ಗಂಟೆ ಮೂರಾಗಿರುತ್ತದೆ, ಪಲ್ಯ ತಣ್ಣಗಾಗಿರುತ್ತದೆ, ಪಾಯಸ ಮುಗಿದಿರುತ್ತದೆ. ಅವರಲ್ಲಿ ಎಷ್ಟು ಮಂದಿ ಬೆಳಿಗ್ಗೆ ಸಕ್ಕರೆ ಮಾತ್ರೆ ನುಂಗಿ ಬಂದಿರುತ್ತಾರೋ ನಮಗೆ ಗೊತ್ತಿರುವುದಿಲ್ಲ. ನಾವು ಕೇಳಿರುವುದಿಲ್ಲ. ಆದ್ದರಿಂದ ಪದಾಧಿಕಾರಿಗಳಲ್ಲಿ ನನ್ನ ಒಂದೇ ವಿನಂತಿ. ಈ ಚಳಿಗಾಲದ ನಿಮ್ಮ ವಾರ್ಷಿಕೋತ್ಸವದಲ್ಲಿ ಮೊದಲ ಪಂಕ್ತಿ ಬಡಿಸುವ ಕೈಗಳಿಗೇ ಇರಲಿ. ಭಾಷಣ ಹತ್ತು ನಿಮಿಷ ಕಡಿಮೆಯಾದರೆ ಯಾರೂ ಬೇಸರಪಡುವುದಿಲ್ಲ.

ನನ್ನ ನಿವೃತ್ತಿಗೆ ಇನ್ನು ಕೆಲವೇ ವರ್ಷ. ಮಗಳು ಕೆಲಸದ ಮೇಲೆ ಪುಣೆಯಲ್ಲಿದ್ದಾಳೆ. ಮನೆಯಲ್ಲಿ ಈಗ ನಾವಿಬ್ಬರೇ. ಈ ಸಲದ ಭೋಗಿಗೆ ಸಜ್ಜೆ ಹಿಟ್ಟು, ಬಿಳಿ ಎಳ್ಳು ತರಲು ಹೇಳಿದ್ದಾಳೆ. ರೊಟ್ಟಿ ಯಾರು ಬಡಿಯಬೇಕೆಂಬ ಮಾತು ಇನ್ನೂ ಮುಗಿದಿಲ್ಲ. ಎಂಟೂವರೆಗೆ ಎರಡು ತಾಟು ಒಟ್ಟಿಗೆ ಇಡಬೇಕೆಂಬುದರಲ್ಲಿ ಮಾತ್ರ ನಮ್ಮಿಬ್ಬರದೂ ಒಂದೇ ಮಾತು.